ಅಮೆರಿಕ ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರಲ್ಲಿ. ಆಮೇಲೆ ನಡೆದದ್ದೆಲ್ಲ ಏನು ಹಾಗಾದರೆ?

ಬಯಲುಸೀಮೆಯವ

2025ರ ಜೂನ್‌ನಲ್ಲಿ ಅಮೆರಿಕ ಇರಾನ್‌ನ ಫೋರ್ಡೊ, ನತಾಂಜ್, ಇಸ್ಫಹಾನ್ ಅಣುಕೇಂದ್ರಗಳ ಮೇಲೆ ಬಾಂಬ್ ಹಾಕಿತಲ್ಲ, ಆವಾಗಿನಿಂದ ಈ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿದೆ. ಕಾಂಗ್ರೆಸ್ಸಿನ ಒಪ್ಪಿಗೆ ಕೇಳಿರಲಿಲ್ಲ. ವಾರ ತುಂಬುವ ಮುಂಚೆ ಸೆನೆಟರ್ ಟಿಮ್ ಕೇನ್, ಇನ್ನು ಮುಂದೆ ನಮ್ಮನ್ನು ಕೇಳದೆ ಇರಾನ್ ಜೊತೆ ಯುದ್ಧಕ್ಕೆ ಹೋಗಬಾರದು ಅನ್ನುವ ನಿರ್ಣಯವನ್ನು ಮತಕ್ಕೆ ತಂದರು. 47–53ರಲ್ಲಿ ಬಿದ್ದುಹೋಯಿತು. ತಮ್ಮ ಅಧಿಕಾರ ತಮಗೇ ಬೇಡ ಅಂತ ಮತ ಹಾಕಿದ ಹಾಗಾಯಿತು ಅಲ್ವಾ?

ಅವರ ಸಂವಿಧಾನದ ಮೊದಲನೇ ವಿಧಿಯ ಎಂಟನೇ ಸೆಕ್ಷನ್‌ನಲ್ಲಿ ಯುದ್ಧ ಘೋಷಿಸುವ ಅಧಿಕಾರ ಕಾಂಗ್ರೆಸ್ಸಿನದು ಅಂತ ನೇರವಾಗಿ ಬರೆದಿದೆ. (ಕಾಂಗ್ರೆಸ್ ಅಂದರೆ ಅವರ ಸಂಸತ್ತು, ಸೆನೆಟ್ ಅದರ ಮೇಲ್ಮನೆ. ನಮ್ಮ ಪಕ್ಷಗಳನ್ನು ಇಲ್ಲಿಗೆ ಎಳೆದು ತರಬೇಡಿ, ದಯವಿಟ್ಟು.) ಅಧ್ಯಕ್ಷರು ಸೇನೆಯ ಮಹಾದಂಡನಾಯಕರು, ಅಷ್ಟೇ. ಆ ಅಧಿಕಾರ ಬಳಸಿ ಕಾಂಗ್ರೆಸ್ ಕೊನೆಯ ಸಲ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾ ವಿರುದ್ಧ. ಆಮೇಲೆ ಕೊರಿಯಾ, ವಿಯೆಟ್ನಾಂ, ಗ್ರೆನಡಾ, ಪನಾಮಾ, ಎರಡು ಸಲ ಇರಾಕ್, ಅಫ್ಘಾನಿಸ್ತಾನ, ಲಿಬಿಯಾ. ಒಂದಕ್ಕೂ ಘೋಷಣೆ ಇಲ್ಲ.

ನನಗೆ ಅನಿಸುವುದು, ಅಧ್ಯಕ್ಷರುಗಳು ಒಬ್ಬರಾದ ಮೇಲೆ ಒಬ್ಬರು ಈ ಅಧಿಕಾರವನ್ನು ಕಿತ್ತುಕೊಂಡರು. ಇತಿಹಾಸ ಓದಿದವರು ಏನು ಹೇಳುತ್ತೀರಿ?

ಲಾ_ಪಾಯಿಂಟ್

ಕಿತ್ತುಕೊಂಡರು ಅನ್ನುವುದು ಅರ್ಧ ಸತ್ಯ. ಕೊಟ್ಟವರೂ ಇದ್ದಾರೆ. ಘೋಷಣೆ ಇಲ್ಲ ಅಂದ ಮಾತ್ರಕ್ಕೆ ಕಾಂಗ್ರೆಸ್ ಮತ ಹಾಕಿಲ್ಲ ಅಂತ ಅಲ್ಲ. ವಿಯೆಟ್ನಾಂಗೆ 1964ರಲ್ಲಿ ಹಾಕಿದೆ. ಇರಾಕ್‌ಗೆ 1991ರಲ್ಲಿ, 2002ರಲ್ಲಿ ಹಾಕಿದೆ. ಅಫ್ಘಾನಿಸ್ತಾನಕ್ಕೆ 2001ರಲ್ಲಿ ಹಾಕಿದೆ. ಇವೆಲ್ಲ 'ಬಲಪ್ರಯೋಗಕ್ಕೆ ಅನುಮತಿ' ಅನ್ನುವ ಥರದ ನಿರ್ಣಯಗಳು. ನಿಜವಾಗಿ ಯಾರನ್ನೂ ಕೇಳದೆ ಶುರುವಾದ ಮೊದಲ ದೊಡ್ಡ ಯುದ್ಧ ಕೊರಿಯಾ. 1950ರ ಜೂನ್‌ನಲ್ಲಿ ಅಧ್ಯಕ್ಷ ಟ್ರೂಮನ್ ವಿಶ್ವಸಂಸ್ಥೆಯ ನಿರ್ಣಯ ತೋರಿಸಿ ಸೇನೆ ಕಳಿಸಿಬಿಟ್ಟರು. ಇದೇನು ಪೊಲೀಸ್ ಕಾರ್ಯಾಚರಣೆಯಾ ಅಂತ ಪತ್ರಕರ್ತರು ಕೇಳಿದಾಗ ಹೌದು ಅಂದರು. ಆ ಪೊಲೀಸ್ ಕಾರ್ಯಾಚರಣೆಯಲ್ಲಿ 36 ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಕೊರಿಯನ್ನರ ಲೆಕ್ಕ ಲಕ್ಷಗಳಲ್ಲಿ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯುವಾಗಲೇ ಒಂದು ಕಿಂಡಿ ಬಿಟ್ಟಿದ್ದರು. ಯಾರಾದರೂ ದಿಢೀರನೆ ಮೇಲೆ ಬಿದ್ದರೆ ಅಧ್ಯಕ್ಷ ಕಾಂಗ್ರೆಸ್ ಸೇರುವ ತನಕ ಕಾಯೋಕೆ ಆಗುವುದಿಲ್ಲವಲ್ಲ, ಅದಕ್ಕೆ ಮ್ಯಾಡಿಸನ್, ಗೆರಿ ಇಬ್ಬರೂ ಸೇರಿ ಕರಡನ್ನು ಸ್ವಲ್ಪ ಸಡಿಲ ಮಾಡಿದರು. ಕುದುರೆ ಮೇಲೆ ಸುದ್ದಿ ಬರುತ್ತಿದ್ದ ಕಾಲ ಅದು. ಆ ಸಣ್ಣ ಕಿಂಡಿಯಲ್ಲೇ ಈಗ ವಿಮಾನವಾಹಕ ನೌಕೆಗಳು ಹಾದುಹೋಗುತ್ತಿವೆ.

ಚುರುಮುರಿ

ಮನೆ ಯಜಮಾನ ಸಾಲ ಮಾಡಿ ಬಂದ ಮೇಲೆ ಮನೆಯವರೆಲ್ಲ ಜಾಮೀನಿಗೆ ಸಹಿ ಹಾಕಿದ ಹಾಗೆ. ಇದಕ್ಕೆ ಅನುಮತಿ ಅಂತ ಹೆಸರು.

ಹಳೇ_ಪೇಪರ್

ವಿಯೆಟ್ನಾಂ ಮತದ ಕಥೆ ಸ್ವಲ್ಪ ವಿವರವಾಗಿ ಹೇಳಬೇಕು. ಈ ಇಡೀ ವಿಷಯದ ಬೇರು ಅಲ್ಲಿದೆ ಅಂತ ನನ್ನ ಲೆಕ್ಕ.

1964ರ ಆಗಸ್ಟ್ 2. ಟೋಂಕಿನ್ ಕೊಲ್ಲಿಯಲ್ಲಿ ಅಮೆರಿಕದ ಮ್ಯಾಡಾಕ್ಸ್ ಅನ್ನುವ ಯುದ್ಧನೌಕೆ ಮೇಲೆ ಉತ್ತರ ವಿಯೆಟ್ನಾಂನ ಟಾರ್ಪೆಡೊ ದೋಣಿಗಳು ನುಗ್ಗಿದವು. ಇದು ನಿಜವಾಗಿ ನಡೆದದ್ದು. ನೌಕೆಗೆ ತಗುಲಿದ್ದು ಒಂದು ಗುಂಡು. ಅದಕ್ಕೆ ಎರಡು ಮೂರು ದಿನ ಮುಂಚೆ ಅದೇ ಕರಾವಳಿಯ ದ್ವೀಪಗಳ ಮೇಲೆ ದಕ್ಷಿಣ ವಿಯೆಟ್ನಾಂನ ಕಮಾಂಡೊಗಳು ಅಮೆರಿಕದ ಯೋಜನೆಯಂತೆ ದಾಳಿ ಮಾಡಿದ್ದರು. ಆ ಮಾತನ್ನು ಜನರಿಗೆ ಯಾರೂ ಹೇಳಲಿಲ್ಲ.

ಆಗಸ್ಟ್ 4ರ ರಾತ್ರಿ, ಕೆಟ್ಟ ಹವಾಮಾನ. ಮ್ಯಾಡಾಕ್ಸ್ ಮತ್ತು ಟರ್ನರ್ ಜಾಯ್ ಎರಡೂ ನೌಕೆಗಳು ತಮ್ಮ ಮೇಲೆ ಮತ್ತೆ ದಾಳಿ ಆಗುತ್ತಿದೆ ಅಂತ ಸಂದೇಶ ಕಳಿಸುತ್ತವೆ, ಕತ್ತಲೆಗೆ ಗುಂಡು ಹಾರಿಸುತ್ತವೆ. ಸ್ವಲ್ಪ ಹೊತ್ತಿನಲ್ಲೇ ಅಲ್ಲಿನ ಕಮಾಂಡರ್ ಜಾನ್ ಹೆರಿಕ್ ಇನ್ನೊಂದು ಸಂದೇಶ ಕಳಿಸಿದರು. ಹವಾಮಾನದಿಂದ ರಾಡಾರ್ ತಪ್ಪು ತೋರಿಸಿರಬಹುದು, ಸೋನಾರ್ ಹಿಡಿದ ಹುಡುಗರು ಅತಿ ಉತ್ಸಾಹದಲ್ಲಿ ಇಲ್ಲದ ಸದ್ದನ್ನೆಲ್ಲ ಕೇಳಿರಬಹುದು, ಮುಂದಿನ ಹೆಜ್ಜೆ ಇಡುವ ಮುಂಚೆ ಪೂರ್ತಿ ಪರಿಶೀಲಿಸಿ ಅಂತ. ಅದೇ ರಾತ್ರಿ ನೌಕೆಗಳ ಮೇಲೆ ವಿಮಾನ ಹಾರಿಸುತ್ತಿದ್ದ ಪೈಲಟ್ ಜೇಮ್ಸ್ ಸ್ಟಾಕ್‌ಡೇಲ್, ಕೆಳಗೆ ಅಮೆರಿಕದ ನೌಕೆಗಳು ಬಿಟ್ಟರೆ ಬೇರೆ ಏನೂ ಕಾಣಲಿಲ್ಲ ಅಂತ ಆಮೇಲೆ ಬರೆದರು.

ವಾಷಿಂಗ್ಟನ್‌ನಲ್ಲಿ ಯಾರೂ ನಿಲ್ಲಲಿಲ್ಲ. ಮಧ್ಯರಾತ್ರಿಯ ಹೊತ್ತಿಗೆ ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಕಾಣಿಸಿಕೊಂಡು ಪ್ರತಿದಾಳಿ ಶುರುವಾಗಿದೆ ಅಂದರು. ನವೆಂಬರ್‌ನಲ್ಲಿ ಚುನಾವಣೆ, ಎದುರಿಗೆ ಗೋಲ್ಡ್‌ವಾಟರ್, ಆತ ಇವರನ್ನು ಮೆತ್ತಗಿನವರು ಅಂತ ಹಂಗಿಸುತ್ತಿದ್ದ ಕಾಲ. ಆ ದಾಳಿಗೆ ಹೋದ ಎವೆರೆಟ್ ಆಲ್ವಾರೆಜ್ ಅನ್ನುವ ಪೈಲಟ್ ಸಿಕ್ಕಿಬಿದ್ದ. ಬಿಡುಗಡೆ ಆಗಿದ್ದು 1973ರಲ್ಲಿ. ನಡೆಯದ ಒಂದು ದಾಳಿಗೆ ಉತ್ತರ ಕೊಡಲು ಹೋಗಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಸೆರೆ.

ನಿರ್ಣಯದ ಕರಡು ತಿಂಗಳುಗಳ ಮುಂಚೆಯೇ ಸಿದ್ಧವಿತ್ತು, ಸಂದರ್ಭ ಸಿಕ್ಕಿರಲಿಲ್ಲ ಅಷ್ಟೇ. ಆಗಸ್ಟ್ 7ರಂದು ಕೆಳಮನೆಯಲ್ಲಿ ಸುಮಾರು 40 ನಿಮಿಷ ಚರ್ಚೆ, 416–0. ಸೆನೆಟ್‌ನಲ್ಲಿ 88–2. ಅಧ್ಯಕ್ಷರು 'ಅಗತ್ಯವಾದ ಎಲ್ಲ ಕ್ರಮ' ತೆಗೆದುಕೊಳ್ಳಬಹುದು ಅಂತ ಬರೆದುಕೊಟ್ಟರು. ಆಗ ವಿಯೆಟ್ನಾಂನಲ್ಲಿ ಇದ್ದದ್ದು ಇಪ್ಪತ್ತು ಸಾವಿರದ ಆಸುಪಾಸು ಸಲಹೆಗಾರರು. 1968ರ ಹೊತ್ತಿಗೆ 5 ಲಕ್ಷ ದಾಟಿತ್ತು. ಸತ್ತ ಅಮೆರಿಕನ್ನರು 58 ಸಾವಿರಕ್ಕೂ ಹೆಚ್ಚು.

1995ರಲ್ಲಿ, ಜಾನ್ಸನ್ ಕಾಲದಲ್ಲಿ ರಕ್ಷಣಾ ಮಂತ್ರಿಯಾಗಿದ್ದ ಮ್ಯಾಕ್‌ನಮಾರಾ ಹನೋಯ್‌ಗೆ ಹೋಗಿ ಆಗ ಉತ್ತರ ವಿಯೆಟ್ನಾಂ ಸೇನೆ ನಡೆಸಿದ್ದ ಜನರಲ್ ಜಿಯಾಪ್ ಅವರನ್ನೇ ಕೇಳಿದರು, ಆಗಸ್ಟ್ 4ರಂದು ಏನು ನಡೆಯಿತು ಅಂತ. ಏನೂ ನಡೆಯಲಿಲ್ಲ ಅಂದರು ಜಿಯಾಪ್. 2005ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆಯ ಸ್ವಂತ ಇತಿಹಾಸಕಾರನ ವರದಿ ಹೊರಬಂತು. ಅದರಲ್ಲೂ ಅದೇ.

ಕಾಫಿಪುಡಿ

88–2 ಅಂದಿರಲ್ಲ, ಆ ಇಬ್ಬರು ಯಾರು? ಆಮೇಲೆ ಅವರನ್ನು ತಲೆ ಮೇಲೆ ಹೊತ್ತು ಮೆರೆಸಿರಬೇಕು.

ಹಳೇ_ಪೇಪರ್

ಒರೆಗಾನ್‌ನ ವೇಯ್ನ್ ಮೋರ್ಸ್, ಅಲಾಸ್ಕಾದ ಅರ್ನೆಸ್ಟ್ ಗ್ರೂನಿಂಗ್. ಇಬ್ಬರೂ ಜಾನ್ಸನ್ ಅವರದೇ ಡೆಮಾಕ್ರಟಿಕ್ ಪಕ್ಷ. ಮೋರ್ಸ್‌ಗೆ ಪೆಂಟಗಾನ್ ಒಳಗಿಂದಲೇ ಯಾರೋ ಫೋನ್ ಮಾಡಿ, ನೌಕೆಯ ಲಾಗ್ ಪುಸ್ತಕ ತೋರಿಸಿ ಅಂತ ಕೇಳಿ ಅಂದಿದ್ದರಂತೆ. ಅವರು ಕೂಗಾಡಿದ್ದು ಯಾರ ಕಿವಿಗೂ ಬೀಳಲಿಲ್ಲ.

1968ರಲ್ಲಿ ಇಬ್ಬರೂ ಸೋತರು. ಯುದ್ಧ ಹಳಸಿ ವಾಸನೆ ಬರುತ್ತಿದ್ದ ವರ್ಷವೇ! ಗ್ರೂನಿಂಗ್ ತಮ್ಮ ಪಕ್ಷದ ಪ್ರೈಮರಿಯಲ್ಲೇ, ಅಂದರೆ ಅಭ್ಯರ್ಥಿ ಆರಿಸುವ ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. ಮೋರ್ಸ್ ಸೋತದ್ದು ಕೂದಲೆಳೆಯ ಅಂತರದಲ್ಲಿ. ವಿಯೆಟ್ನಾಂ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಇಬ್ಬರಿಗೂ ವಯಸ್ಸಾಗಿತ್ತು, ಸ್ಥಳೀಯ ಜಗಳಗಳೂ ಇದ್ದವು. ಆದರೆ ಸರಿ ಹೇಳಿದ್ದಕ್ಕೆ ಒಂದು ಮತವೂ ಜಾಸ್ತಿ ಬಿದ್ದ ಹಾಗೆ ಕಾಣುವುದಿಲ್ಲ.

ಹೊಳೆದಂಡೆ

ಒಂಟಿ ಮತಗಳ ಮಾತು ಬಂದಾಗ ಜೆನೆಟ್ ರ‍್ಯಾಂಕಿನ್ ಅವರನ್ನು ಬಿಟ್ಟರೆ ಹೇಗೆ? ಮೊಂಟಾನಾದ ಹೆಂಗಸು. ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ, 1916ರಲ್ಲಿ. ಆಗ ದೇಶದ ಬಹುಪಾಲು ಹೆಂಗಸರಿಗೆ ಮತದಾನದ ಹಕ್ಕೇ ಇರಲಿಲ್ಲ, ಆ ತಿದ್ದುಪಡಿ ಬಂದದ್ದು 1920ರಲ್ಲಿ. ಹೋಗಿ ಕೂತ ಮೊದಲ ವಾರದಲ್ಲೇ ಮೊದಲ ಮಹಾಯುದ್ಧ ಸೇರುವ ಪ್ರಶ್ನೆ ಬಂತು. ಬೇಡ ಅಂದರು. ಆಗ ಇವರ ಜೊತೆ ಇನ್ನೂ 49 ಜನ ಬೇಡ ಅಂದಿದ್ದರು. ಆದರೂ ಬೈಗುಳದಲ್ಲಿ ದೊಡ್ಡ ಪಾಲು ಇವರಿಗೆ. ಹೆಂಗಸು ನೋಡಿ.

ಅಧಿಕಾರ ಹೋಯಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ 1940ರಲ್ಲಿ ಮತ್ತೆ ಗೆದ್ದು ಬಂದರು. ವಿಧಿ ನೋಡಿ, ಮುಂದಿನ ವರ್ಷವೇ ಪರ್ಲ್ ಹಾರ್ಬರ್. ಡಿಸೆಂಬರ್ 8ರಂದು ಕೆಳಮನೆಯಲ್ಲಿ 388–1. ಆ ಒಂದು ಇವರದು. ಹೆಂಗಸಾಗಿ ನಾನು ಯುದ್ಧಕ್ಕೆ ಹೋಗಲಾರೆ, ಬೇರೆ ಯಾರನ್ನೂ ಕಳಿಸಲೂ ಒಪ್ಪಲಾರೆ ಅಂದರು. ಸದನದ ತುಂಬ ಕೂಗು. ಹೊರಗೆ ಬಂದರೆ ಜನ ಮುತ್ತಿಕೊಂಡರು. ಅಲ್ಲೇ ಇದ್ದ ಟೆಲಿಫೋನ್ ಬೂತ್ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡು, ಪೊಲೀಸರಿಗೆ ಫೋನ್ ಮಾಡಿ ಕರೆಸಿಕೊಂಡರು. ಪೊಲೀಸರು ಕಚೇರಿ ತನಕ ಬಿಟ್ಟು ಬಂದರು.

ಆಮೇಲೆ ಚುನಾವಣೆಗೆ ನಿಲ್ಲಲಿಲ್ಲ. ಗಾಂಧಿಯ ವಿಚಾರಕ್ಕೆ ಮನಸೋತು ಭಾರತಕ್ಕೆ ಹಲವು ಸಲ ಬಂದುಹೋದರು. 1968ರಲ್ಲಿ 87ನೇ ವಯಸ್ಸಿನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ವಾಷಿಂಗ್ಟನ್‌ನಲ್ಲಿ ಸಾವಿರಾರು ಹೆಂಗಸರ ಮೆರವಣಿಗೆಯ ಮುಂದೆ ನಡೆದರು. ಈಗ ಕ್ಯಾಪಿಟಲ್ ಕಟ್ಟಡದಲ್ಲಿ ಮೊಂಟಾನಾ ರಾಜ್ಯದ ಪರವಾಗಿ ನಿಂತಿರುವ ಎರಡು ಪ್ರತಿಮೆಗಳಲ್ಲಿ ಒಂದು ಅವರದು.

ಚುರುಮುರಿ

ಪರ್ಲ್ ಹಾರ್ಬರ್ ಮೇಲೆ ಬಾಂಬ್ ಬಿದ್ದ ಮಾರನೇ ದಿನ ಬೇಡ ಅನ್ನುವುದು ಧೈರ್ಯವಾ, ಹಠವಾ? ನನಗೆ ಹಠ ಅಂತಲೇ ಅನಿಸುತ್ತದೆ. ಹಿಟ್ಲರ್‌ನನ್ನು ಸತ್ಯಾಗ್ರಹದಿಂದ ಸೋಲಿಸೋಕೆ ಆಗುತ್ತಿತ್ತಾ?

ಹೊಳೆದಂಡೆ

ಆ ಮತ ಸರಿ ಅಂತ ನಾನೂ ಹೇಳುತ್ತಿಲ್ಲ. ಮೋರ್ಸ್, ಗ್ರೂನಿಂಗ್ ಹೇಳಿದ್ದು ನಿಜ ಅಂತ ಸಾಬೀತಾಯಿತು. ರ‍್ಯಾಂಕಿನ್ ವಿಷಯದಲ್ಲಿ ಹಾಗೆ ಹೇಳೋಕೆ ಆಗುವುದಿಲ್ಲ. ಆದರೆ ಬೂತ್ ಒಳಗೆ ಅಡಗಬೇಕಾಗಿ ಬಂದದ್ದನ್ನು ಉಳಿದ 388 ಜನ ನೋಡಿದರಲ್ಲ, ನನ್ನ ಮಾತು ಅದರ ಬಗ್ಗೆ.

ನ್ಯೂಜೆರ್ಸಿ_ಅಪ್ಪ

ಇಲ್ಲಿ ಇಪ್ಪತ್ತು ಚಿಲ್ಲರೆ ವರ್ಷದಿಂದ ಇದ್ದೇನೆ, ಒಂದೆರಡು ಮಾತು.

ನೀವೆಲ್ಲ ಕಾಂಗ್ರೆಸ್, ಅಧ್ಯಕ್ಷ ಅಂತ ಮಾತಾಡುತ್ತಿದ್ದೀರಿ. ನನ್ನ ಪ್ರಕಾರ ನಿಜವಾದ ಬದಲಾವಣೆ ಬಂದದ್ದು 1973ರಲ್ಲಿ, ಕಡ್ಡಾಯ ಸೇನಾ ಭರ್ತಿ ನಿಂತಾಗ. ವಿಯೆಟ್ನಾಂ ಕಾಲದಲ್ಲಿ ಪ್ರತಿ ಬೀದಿಯಲ್ಲೂ ಒಂದು ಮನೆಗೆ ಭರ್ತಿಯ ಕಾಗದ ಬರುತ್ತಿತ್ತು. 1969ರ ಡಿಸೆಂಬರ್‌ನಲ್ಲಿ ಹುಟ್ಟಿದ ದಿನಾಂಕಗಳನ್ನು ಚೀಟಿ ಮಾಡಿ ಗಾಜಿನ ಪಾತ್ರೆಯಿಂದ ಎತ್ತಿದರು, ಟಿವಿಯಲ್ಲೇ. ಯಾರ ಹುಟ್ಟಿದ ದಿನ ಮೊದಲು ಬಂತೋ ಅವರು ಮೊದಲು. ಆಗ ಅಮ್ಮಂದಿರು ಸಂಸದನ ಕೊರಳಪಟ್ಟಿ ಹಿಡಿದು ಕೇಳುತ್ತಿದ್ದರು. ಈಗ ಸಕ್ರಿಯ ಸೇನೆಯಲ್ಲಿ ಇರುವವರು ಸುಮಾರು 13 ಲಕ್ಷ. 34 ಕೋಟಿ ಜನರಲ್ಲಿ ಅದು ಅರ್ಧ ಶೇಕಡಾವೂ ಇಲ್ಲ. ನಮ್ಮ ಬೀದಿಯಲ್ಲಿ ಒಬ್ಬರೂ ಇಲ್ಲ.

ಬದಲಿಗೆ ಏನಿದೆ ಗೊತ್ತಾ? ವಿಮಾನ ನಿಲ್ದಾಣದಲ್ಲಿ ಸೈನಿಕರನ್ನು ಮೊದಲು ಹತ್ತಿಸುತ್ತಾರೆ. ಫುಟ್‌ಬಾಲ್ ಪಂದ್ಯದಲ್ಲಿ ಯುದ್ಧವಿಮಾನ ಹಾರಿಸುತ್ತಾರೆ, ಎಲ್ಲರೂ ಎದೆ ಮೇಲೆ ಕೈ ಇಟ್ಟು ನಿಲ್ಲುತ್ತಾರೆ. ಸಮವಸ್ತ್ರ ಕಂಡರೆ 'ನಿಮ್ಮ ಸೇವೆಗೆ ಧನ್ಯವಾದ' ಅನ್ನುತ್ತಾರೆ. ಮನಸ್ಸಿನಿಂದಲೇ ಅನ್ನುತ್ತಾರೆ, ನಾಟಕ ಅಲ್ಲ. ಆದರೆ ಆ ಹುಡುಗ ಎಲ್ಲಿಗೆ ಹೋಗಿ ಬಂದ, ಅಲ್ಲಿಗೆ ಕಳಿಸಲು ಯಾರು ಮತ ಹಾಕಿದರು ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು ವಿಷಯ ನಮ್ಮವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಭರ್ತಿ ನಿಂತಿದೆ, ಹೆಸರು ನೋಂದಣಿ ನಿಂತಿಲ್ಲ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ ಮೇಲೆ 1980ರಲ್ಲಿ ಅಧ್ಯಕ್ಷ ಕಾರ್ಟರ್ ಮತ್ತೆ ಶುರು ಮಾಡಿದರು. 18ರಿಂದ 25 ವರ್ಷದ ಗಂಡುಮಕ್ಕಳೆಲ್ಲ ಪಟ್ಟಿಯಲ್ಲಿ ಇರಬೇಕು. ಇಲ್ಲಿ ಹುಟ್ಟಿದವರು ಮಾತ್ರ ಅಲ್ಲ, ಗ್ರೀನ್ ಕಾರ್ಡ್ ಇರುವವರೂ. ಎಚ್-1ಬಿ ವೀಸಾದವರಿಗೆ ಇಲ್ಲ. ನನ್ನ ಮಗನಿಗೆ 18 ತುಂಬಿದಾಗ ಮನೆಗೆ ಕಾಗದ ಬಂತು. ಕಾಲೇಜಿನ ಜಾಹೀರಾತುಗಳ ಕಂತೆಯ ಮಧ್ಯೆ ಇತ್ತು. ಅವನು ತಿಂಡಿ ತಿನ್ನುತ್ತಾ ಫೋನ್‌ನಲ್ಲೇ ತುಂಬಿ ಮುಗಿಸಿದ, ಎರಡು ನಿಮಿಷ ಹಿಡಿದಿರಬೇಕು. ನನ್ನ ಹೆಂಡತಿ ಮಾತ್ರ ಆ ಕಾಗದವನ್ನು ಎರಡೆರಡು ಸಲ ಓದಿದಳು, ಆಮೇಲೆ ಪಾಸ್‌ಪೋರ್ಟ್ ಇಡುವ ಫೈಲಿಗೆ ಸೇರಿಸಿದಳು. ಆವತ್ತಿನಿಂದ ನಮ್ಮ ಮನೆಯಲ್ಲಿ ವಿದೇಶಾಂಗ ಸುದ್ದಿ ನೋಡುವ ರೀತಿ ಬೇರೆಯಾಗಿದೆ.

ಬಯಲುಸೀಮೆಯವ

ಇದು ಗೊತ್ತಿರಲಿಲ್ಲ. ಆದರೆ ಒಂದು ಅನುಮಾನ. ಭರ್ತಿ ಇದ್ದಾಗಲೇ ಅಲ್ವಾ ಕೊರಿಯಾ, ವಿಯೆಟ್ನಾಂ ನಡೆದದ್ದು? ಅಮ್ಮಂದಿರು ಕೇಳುತ್ತಿದ್ದರೂ ಶುರು ಆಗುವುದನ್ನು ತಡೆಯೋಕೆ ಆಗಲಿಲ್ಲವಲ್ಲ.

ನ್ಯೂಜೆರ್ಸಿ_ಅಪ್ಪ

ಶುರು ಆಗುವುದನ್ನು ತಡೆಯಲಿಲ್ಲ, ನಿಲ್ಲಿಸಿತು. ಅಫ್ಘಾನಿಸ್ತಾನ ಇಪ್ಪತ್ತು ವರ್ಷ ನಡೆಯಿತು, ಬೀದಿಗೆ ಎಷ್ಟು ಜನ ಬಂದರು ಹೇಳಿ?

ಲಾ_ಪಾಯಿಂಟ್

ವಿಯೆಟ್ನಾಂ ಮುಗಿಯುವ ಹೊತ್ತಿಗೆ ಕಾಂಗ್ರೆಸ್ಸಿಗೂ ಸ್ವಲ್ಪ ರೋಷ ಬಂತು. 1971ರ ಜನವರಿಯಲ್ಲಿ 1964ರ ಟೋಂಕಿನ್ ನಿರ್ಣಯವನ್ನೇ ರದ್ದು ಮಾಡಿದರು. ಕಾಂಬೋಡಿಯಾ ಮೇಲಿನ ಬಾಂಬ್ ದಾಳಿಗೆ 1973ರ ಆಗಸ್ಟ್ 15ರ ನಂತರ ದುಡ್ಡು ಇಲ್ಲ ಅಂದರು, ದಾಳಿ ಅವತ್ತೇ ನಿಂತಿತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ, ಖಜಾನೆ ಬೀಗ ಅವರ ಕೈಯಲ್ಲೇ ಇದೆ. ನವೆಂಬರ್ 7ರಂದು ಅಧ್ಯಕ್ಷ ನಿಕ್ಸನ್ ಅವರ ವಿಟೊ (ತಡೆಹಕ್ಕು) ಮೀರಿ ಯುದ್ಧಾಧಿಕಾರ ನಿರ್ಣಯ ಅಂಗೀಕರಿಸಿದರು, ಕೆಳಮನೆಯಲ್ಲಿ 284–135, ಸೆನೆಟ್‌ನಲ್ಲಿ 75–18. ಅದರ ಪ್ರಕಾರ ಸೇನೆ ಕಳಿಸಿದರೆ 48 ಗಂಟೆಯಲ್ಲಿ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. 60 ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ವಾಪಸ್ ಕರೆಸಬೇಕು, ಕರೆಸುವುದಕ್ಕೆ ಇನ್ನೊಂದು 30 ದಿನ.

ಓದಲು ಬಿಗಿಯಾಗಿಯೇ ಇದೆ. ಆದರೆ 60 ದಿನದ ಗಡಿಯಾರ ಓಡೋಕೆ ಅಧ್ಯಕ್ಷರು ಒಂದು ನಿರ್ದಿಷ್ಟ ಉಪವಿಧಿ ಉಲ್ಲೇಖಿಸಿ ವರದಿ ಕೊಡಬೇಕು ಅನ್ನುವ ವಾದ ಹುಟ್ಟಿಕೊಂಡಿತು. ಎಲ್ಲ ಅಧ್ಯಕ್ಷರೂ ವರದಿ ಕೊಡುತ್ತಾರೆ, ಆ ಉಪವಿಧಿಯನ್ನು ಮಾತ್ರ ಹೆಸರಿಸುವುದಿಲ್ಲ. ಹೆಸರಿಸಿದ್ದು ಫೋರ್ಡ್ ಒಬ್ಬರೇ, 1975ರಲ್ಲಿ, ಕಾಂಬೋಡಿಯಾ ಹಿಡಿದಿಟ್ಟಿದ್ದ ಅಮೆರಿಕದ ಮಾಯಾಗೆಸ್ ಹಡಗಿನ ವಿಷಯದಲ್ಲಿ. ಅದೂ ಕಾರ್ಯಾಚರಣೆ ಮುಗಿದ ಮೇಲೆ! 2011ರಲ್ಲಿ ಲಿಬಿಯಾ ಮೇಲೆ ಒಬಾಮಾ ಬಾಂಬ್ ಹಾಕಿಸುತ್ತಿದ್ದಾಗ 60 ದಿನ ದಾಟಿತು. ಅವರ ವಿದೇಶಾಂಗ ಇಲಾಖೆಯ ವಕೀಲ ಹೆರಾಲ್ಡ್ ಕೋ ಸೆನೆಟ್ ಸಮಿತಿ ಮುಂದೆ ಕೂತು, ನಮ್ಮ ಸೈನಿಕರು ನೆಲದ ಮೇಲೆ ಇಲ್ಲ, ಎದುರಿನಿಂದ ಗುಂಡು ಬರುತ್ತಿಲ್ಲ, ಆದ್ದರಿಂದ ಇದು ಕಾನೂನು ಹೇಳುವ 'ಕಾದಾಟ' ಅಲ್ಲ ಅಂತ ವಾದಿಸಿದರು. ಅಧ್ಯಕ್ಷರ ಯುದ್ಧಾಧಿಕಾರಕ್ಕೆ ಕಡಿವಾಣ ಬೇಕು ಅಂತ ದಶಕಗಟ್ಟಲೆ ಬರೆದ ಪ್ರಾಧ್ಯಾಪಕರು ಅವರು. ಕುರ್ಚಿಯ ಮಹಿಮೆ ಅಂತ ಇಟ್ಟುಕೊಳ್ಳಿ.

ಕೋರ್ಟ್ ಏನು ಮಾಡುತ್ತೆ ಅಂತ ಯಾರಾದರೂ ಕೇಳುವ ಮುಂಚೆ ಹೇಳಿಬಿಡುತ್ತೇನೆ. ಏನೂ ಮಾಡುವುದಿಲ್ಲ. 1973ರಲ್ಲಿ ಸಂಸದೆ ಎಲಿಜಬೆತ್ ಹೋಲ್ಟ್ಸ್‌ಮನ್ ಕಾಂಬೋಡಿಯಾ ದಾಳಿ ವಿರುದ್ಧ ಕೇಸ್ ಹಾಕಿ ಕೆಳ ಕೋರ್ಟ್‌ನಲ್ಲಿ ಗೆದ್ದರು. ಮೇಲ್ಮನವಿಯಲ್ಲಿ ಆದೇಶಕ್ಕೆ ತಡೆ ಬಿತ್ತು. ಸುಪ್ರೀಂ ಕೋರ್ಟ್‌ನ ನ್ಯಾಯಮೂರ್ತಿ ಡಗ್ಲಸ್ ರಜೆಯಲ್ಲಿದ್ದಾಗ ಯಾಕಿಮಾ ಅನ್ನುವ ಊರಿನಲ್ಲಿ ವಿಚಾರಣೆ ಮಾಡಿ ಬಾಂಬ್ ದಾಳಿ ನಿಲ್ಲಿಸಿ ಅಂದರು. ಅದೇ ದಿನ ಉಳಿದ ಎಂಟೂ ಜನ ಸೇರಿ ಆ ಆದೇಶವನ್ನು ಮಗುಚಿಹಾಕಿದರು.

ಕಾಫಿಪುಡಿ

ಇಷ್ಟೆಲ್ಲ ಕಸರತ್ತು ಯಾಕೆ, ನೇರವಾಗಿ ಜನರನ್ನೇ ಕೇಳಬಹುದಲ್ಲ? ಜನಮತಗಣನೆ?

ಹಳೇ_ಪೇಪರ್

ಕೇಳೋಣ ಅಂತ ಹೊರಟಿದ್ದರು! ಇಂಡಿಯಾನಾದ ಲೂಯಿಸ್ ಲಡ್ಲೋ ಅನ್ನುವ ಸಂಸದ. ಅಮೆರಿಕದ ಮೇಲೆ ನೇರ ದಾಳಿ ಆದರೆ ಬೇರೆ ಮಾತು, ಉಳಿದಂತೆ ಯುದ್ಧಕ್ಕೆ ಮುಂಚೆ ದೇಶದಾದ್ಯಂತ ಮತದಾನ ಆಗಬೇಕು ಅಂತ ಸಂವಿಧಾನ ತಿದ್ದುಪಡಿ ತಂದರು. ಮೊದಲ ಮಹಾಯುದ್ಧ ಶಸ್ತ್ರಾಸ್ತ್ರ ವ್ಯಾಪಾರಿಗಳಿಗಾಗಿ ನಡೆಯಿತು ಅಂತ ಜನ ನಂಬಿದ್ದ ಕಾಲ ಅದು, ಬೆಂಬಲ ಬಹಳ ಇತ್ತು. 1938ರ ಜನವರಿಯಲ್ಲಿ, ಅದನ್ನು ಚರ್ಚೆಗೆ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವುದರ ಮೇಲೆ ಮತ ನಡೆಯಿತು. 188–209ರಲ್ಲಿ ಸೋತಿತು. ರೂಸ್‌ವೆಲ್ಟ್ ಸ್ವತಃ ಪತ್ರ ಬರೆದು ವಿರೋಧಿಸಿದ್ದರು. ಹನ್ನೊಂದು ಮತ ಆ ಕಡೆಯಿಂದ ಈ ಕಡೆ ಬಂದಿದ್ದರೆ ಚರ್ಚೆಯಾದರೂ ಆಗುತ್ತಿತ್ತು.

ನನಗೆ ಕೇಳಿದರೆ, ಸೋತದ್ದೇ ಒಳ್ಳೆಯದಾಯಿತು. ಹಿಟ್ಲರ್ ಆಸ್ಟ್ರಿಯಾ ನುಂಗಿದ್ದು ಅದಾಗಿ ಎರಡು ತಿಂಗಳಿಗೆ.

ಗೊಜ್ಜವಲಕ್ಕಿ

1971ರಲ್ಲಿ ಬಂಗಾಳ ಕೊಲ್ಲಿಗೆ ನಮ್ಮನ್ನು ಹೆದರಿಸಲು ಎಂಟರ್‌ಪ್ರೈಸ್ ಯುದ್ಧನೌಕೆ ಕಳಿಸಿದರಲ್ಲ ನಿಕ್ಸನ್, ಕಿಸಿಂಜರ್. ಅದಕ್ಕೆ ಕಾಂಗ್ರೆಸ್ಸನ್ನು ಕೇಳಿದ್ದರಾ?

ಲಾ_ಪಾಯಿಂಟ್

ಇಲ್ಲ. ನೌಕೆ ಓಡಾಡಿಸುವುದು ದಂಡನಾಯಕನ ಕೆಲಸ, ಗುಂಡು ಹಾರುವ ತನಕ ಕಾನೂನು ಪ್ರಶ್ನೆ ಏಳುವುದಿಲ್ಲ. ಆದರೆ ಆ ವರ್ಷ ಕಾಂಗ್ರೆಸ್ ಸುಮ್ನೆ ಕೂತಿರಲಿಲ್ಲ. ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ಮತ್ತು ಅವರ ಸಹೋದ್ಯೋಗಿಗಳು ಏಪ್ರಿಲ್‌ನಲ್ಲೇ ತಮ್ಮ ಸರ್ಕಾರದ ನೀತಿಯ ವಿರುದ್ಧ ಪ್ರತಿಭಟನೆಯ ತಂತಿ ಕಳಿಸಿದ್ದರು. ಸೆನೆಟರ್ ಎಡ್ವರ್ಡ್ ಕೆನಡಿ ಆಗಸ್ಟ್‌ನಲ್ಲಿ ನಿರಾಶ್ರಿತರ ಶಿಬಿರಗಳಿಗೆ ಬಂದು ನೋಡಿ ಹೋಗಿ ನಿಕ್ಸನ್ ಸರ್ಕಾರಕ್ಕೆ ಛೀಮಾರಿ ಹಾಕಿದರು. ಪಾಕಿಸ್ತಾನಕ್ಕೆ ನೆರವು ನಿಲ್ಲಿಸಬೇಕು ಅಂತ ಸ್ಯಾಕ್ಸ್‌ಬಿ, ಚರ್ಚ್ ಇಬ್ಬರು ಸೆನೆಟರ್‌ಗಳು ತಿದ್ದುಪಡಿ ತಂದರು, ಒಬ್ಬರು ರಿಪಬ್ಲಿಕನ್, ಒಬ್ಬರು ಡೆಮಾಕ್ರಟ್. ಆ ಸ್ಯಾಕ್ಸ್‌ಬಿ ಮುಂದೆ ಭಾರತಕ್ಕೇ ರಾಯಭಾರಿಯಾಗಿ ಬಂದರು.

ಗೊಜ್ಜವಲಕ್ಕಿ

ನಮ್ಮಲ್ಲಿ ಹೇಗೆ ಇದು? ಸಂಸತ್ತು ಒಪ್ಪಬೇಕಾ?

ಲಾ_ಪಾಯಿಂಟ್

ಬೇಕಿಲ್ಲ. ಯುದ್ಧ, ಶಾಂತಿ ಕೇಂದ್ರ ಪಟ್ಟಿಯಲ್ಲಿದೆ, ನಿರ್ಧಾರ ಮಂತ್ರಿಮಂಡಲದ್ದು. 1962ರಲ್ಲಿ ವಾಜಪೇಯಿ ಮುಂತಾದವರು ಒತ್ತಾಯ ಮಾಡಿದ್ದಕ್ಕೆ ನೆಹರು ಯುದ್ಧದ ಮಧ್ಯೆಯೇ, ನವೆಂಬರ್ 8ಕ್ಕೆ, ಸಂಸತ್ತು ಕರೆದರು. ಅದು ಸಂಪ್ರದಾಯ, ಮರ್ಯಾದೆ. ಕಾನೂನು ಅಲ್ಲ. ಇದಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ.

ಹೊಳೆದಂಡೆ

ಸಂಸದೆ ಬಾರ್ಬರಾ ಲೀ ಹೆಸರು ಇನ್ನೂ ಯಾರೂ ಎತ್ತಲಿಲ್ಲ. 2001ರ ಸೆಪ್ಟೆಂಬರ್ 14. ಅವಳಿ ಗೋಪುರ ಬಿದ್ದು ಮೂರು ದಿನ, ಇನ್ನೂ ಹೊಗೆ ಆಡುತ್ತಿದೆ. 60 ಪದಗಳ ಒಂದು ವಾಕ್ಯದ ಅನುಮತಿ. ದಾಳಿ ಮಾಡಿದವರು, ನೆರವಾದವರು, ಆಶ್ರಯ ಕೊಟ್ಟವರು ಯಾರು ಅಂತ ಅಧ್ಯಕ್ಷರು ನಿರ್ಧರಿಸುತ್ತಾರೋ ಅವರ ಮೇಲೆಲ್ಲ ಬಲಪ್ರಯೋಗ ಮಾಡಬಹುದು. ದೇಶದ ಹೆಸರಿಲ್ಲ, ಸಂಘಟನೆಯ ಹೆಸರಿಲ್ಲ, ಮುಗಿಯುವ ದಿನಾಂಕ ಇಲ್ಲ. ಸೆನೆಟ್ 98–0, ಕೆಳಮನೆ 420–1. ಆ ಒಂದು ಲೀ ಅವರದು. ಆ ದಿನ ಚರ್ಚ್‌ನ ಪ್ರಾರ್ಥನೆಯಲ್ಲಿ ಪಾದ್ರಿ ಹೇಳಿದ ಮಾತನ್ನೇ ಲೀ ಸದನದಲ್ಲಿ ಹೇಳಿದರು, ನಾವು ಯಾವ ಕೇಡನ್ನು ಹಳಿಯುತ್ತೇವೋ ಆ ಕೇಡೇ ನಾವಾಗುವುದು ಬೇಡ ಅಂತ. ಕೊಲೆ ಬೆದರಿಕೆಗಳು ಬಂದವು, ಪೊಲೀಸ್ ಕಾವಲು ಹಾಕಬೇಕಾಯಿತು.

ಆ ವಾಕ್ಯ ಹಿಡಿದುಕೊಂಡು ಯೆಮನ್, ಸೊಮಾಲಿಯಾದಲ್ಲಿ ಡ್ರೋನ್ ಹಾರಿಸಿದರು. 2014ರಲ್ಲಿ ಐಸಿಸ್ ಮೇಲೆ ಯುದ್ಧ ಶುರು ಮಾಡಿದ್ದೂ ಅದೇ ವಾಕ್ಯದ ಮೇಲೆ.

ಚುರುಮುರಿ

ಆದರೆ ಲೀ ಸೋಲಲಿಲ್ಲವಲ್ಲ. ಮತ್ತೆ ಮತ್ತೆ ಗೆದ್ದರು, 2025ರಲ್ಲಿ ಓಕ್ಲೆಂಡ್‌ನ ಮೇಯರ್ ಕೂಡ ಆದರು. ಬೇಡ ಅಂದವರಿಗೆಲ್ಲ ಶಿಕ್ಷೆ ಅನ್ನುವ ನಿಮ್ಮ ಸಿದ್ಧಾಂತ ಇಲ್ಲಿ ಕೆಲಸ ಮಾಡುವುದಿಲ್ಲ.

ಹಳೇ_ಪೇಪರ್

ಓಕ್ಲೆಂಡ್, ಬರ್ಕ್‌ಲಿ ಅಂದರೆ ವಿಯೆಟ್ನಾಂ ವಿರೋಧಿ ಚಳವಳಿಯ ತವರು, ಅಲ್ಲಿ ಆ ಮತಕ್ಕೆ ಜಾಗ ಇತ್ತು. ಬೇರೆ ಕಡೆಯವರಿಗೆ ಆ ಸೌಕರ್ಯ ಇಲ್ಲ. ಆದರೆ ನಿಮ್ಮ ಮಾತಿನಲ್ಲಿ ಒಂದು ಅಂಶ ಇದೆ. ಶಿಕ್ಷೆ ಬೇಡ ಅಂದವರಿಗೆ ಮಾತ್ರ ಅಲ್ಲ.

1991ರಲ್ಲಿ ಕುವೈತ್ ಬಿಡಿಸುವ ಯುದ್ಧಕ್ಕೆ ಸೆನೆಟ್ ಒಪ್ಪಿದ್ದು 52–47ರಲ್ಲಿ. ಹೆಚ್ಚಿನ ಡೆಮಾಕ್ರಟರು ಬೇಡ ಅಂದರು. ನೆಲದ ಯುದ್ಧ 100 ಗಂಟೆಯಲ್ಲಿ ಮುಗಿದುಹೋಯಿತು, ಬೇಡ ಅಂದವರು ಮುಖ ಮುಚ್ಚಿಕೊಳ್ಳುವ ಹಾಗಾಯಿತು. ಆ ಪಾಠ ಕಲಿತು 2002ರಲ್ಲಿ ಇರಾಕ್‌ಗೆ ಹೂಂ ಅಂದರು, ಸೆನೆಟ್‌ನಲ್ಲಿ 77–23. ಹಿಲರಿ ಕ್ಲಿಂಟನ್, ಜಾನ್ ಕೆರಿ, ಬೈಡನ್ ಎಲ್ಲರೂ ಹೂಂ. ಅಣ್ವಸ್ತ್ರವೂ ಸಿಗಲಿಲ್ಲ, ಏನೂ ಸಿಗಲಿಲ್ಲ. ಆ ಹೂಂ 2008ರ ಅಧ್ಯಕ್ಷ ಅಭ್ಯರ್ಥಿ ಪೈಪೋಟಿಯಲ್ಲಿ ಹಿಲರಿ ಕಾಲಿಗೆ ತೊಡರಿಕೊಂಡಿತು. ಎದುರಿಗಿದ್ದ ಒಬಾಮಾ 2002ರಲ್ಲಿ ಸೆನೆಟ್‌ನಲ್ಲಿ ಇರಲೇ ಇಲ್ಲ, ಶಿಕಾಗೊದಲ್ಲಿ ಯುದ್ಧದ ವಿರುದ್ಧ ಭಾಷಣ ಮಾಡಿದ್ದರು ಅಷ್ಟೇ.

ಬೇಡ ಅಂದರೂ ಕಷ್ಟ, ಹೂಂ ಅಂದರೂ ಕಷ್ಟ. ಮತವೇ ಹಾಕದಿದ್ದರೆ? ಯುದ್ಧ ಗೆದ್ದರೆ ಸೈನಿಕರಿಗೆ ಜೈ ಅನ್ನಬಹುದು, ಸೋತರೆ ಅಧ್ಯಕ್ಷರು ನಮ್ಮನ್ನು ಕೇಳಲೇ ಇಲ್ಲ ಅನ್ನಬಹುದು. ಈ ಲೆಕ್ಕ ಅವರಿಗೆ ಅರ್ಥವಾಗಿಬಿಟ್ಟಿದೆ. ಕಿತ್ತುಕೊಳ್ಳುವುದು, ಕೊಡುವುದು ಎರಡೂ ಅಲ್ಲ, ಯಾರೂ ನೋಡದಾಗ ಟೇಬಲ್ ಮೇಲೆ ಬಿಟ್ಟು ಎದ್ದುಹೋದದ್ದು.

ಬಯಲುಸೀಮೆಯವ

ಇದಕ್ಕೆ ಏನಾದರೂ ನೇರ ಉದಾಹರಣೆ ಇದೆಯಾ? ಅಧ್ಯಕ್ಷರೇ ಕೇಳಿದರೂ ಇವರು ಮತ ಹಾಕಲಿಲ್ಲ ಅನ್ನುವಂಥದ್ದು?

ಹಳೇ_ಪೇಪರ್

2013, ಸಿರಿಯಾ. ಅಸ್ಸಾದ್ ರಾಸಾಯನಿಕ ಅಸ್ತ್ರ ಬಳಸಿದ ಆರೋಪ. ಬ್ರಿಟನ್‌ನಲ್ಲಿ ಪ್ರಧಾನಿ ಕ್ಯಾಮರನ್ ಸಂಸತ್ತನ್ನು ಕೇಳಿದರು, ಆಗಸ್ಟ್ 29ರಂದು 272–285ರಲ್ಲಿ ಸೋತರು, ಮುಗಿಯಿತು, ಬಾಂಬ್ ಹಾಕಲಿಲ್ಲ. ಎರಡು ದಿನ ಬಿಟ್ಟು ಒಬಾಮಾ, ನಾನೂ ಕಾಂಗ್ರೆಸ್ಸನ್ನು ಕೇಳುತ್ತೇನೆ ಅಂದರು. ಯಾಕೆ ಕೇಳಲಿಲ್ಲ ಅಂತ ಗದ್ದಲ ಎಬ್ಬಿಸಿದವರೇ ಅನೇಕರು ಈಗ ಗಲಿಬಿಲಿಗೊಂಡರು. ಸೆನೆಟ್‌ನ ವಿದೇಶಾಂಗ ಸಮಿತಿಯಲ್ಲಿ 10–7ರಲ್ಲಿ ದಾಟಿತು. ಪೂರ್ತಿ ಸದನದಲ್ಲಿ ಮತ ನಡೆಯಲೇ ಇಲ್ಲ. ರಷ್ಯಾ ಮಧ್ಯೆ ಬಂದು ಅಸ್ತ್ರ ಒಪ್ಪಿಸುವ ಒಪ್ಪಂದ ಮಾಡಿಸಿತು, ಎಲ್ಲರೂ ನಿಟ್ಟುಸಿರು ಬಿಟ್ಟರು. 2015ರಲ್ಲಿ ಐಸಿಸ್ ವಿರುದ್ಧ ಹೊಸ ಅನುಮತಿ ಕೊಡಿ ಅಂತ ಒಬಾಮಾ ಕರಡನ್ನೇ ಕಳಿಸಿದರು. ಅದಕ್ಕೂ ಮತ ಆಗಲಿಲ್ಲ.

ಅದಕ್ಕಿಂತ ಹಿಂದೆ 1999ರಲ್ಲಿ ಕೊಸೊವೊ. ಬಾಂಬ್ ದಾಳಿ ನಡೆಯುತ್ತಿರುವಾಗಲೇ ಅದಕ್ಕೆ ಒಪ್ಪಿಗೆ ಕೊಡುವ ನಿರ್ಣಯ ಕೆಳಮನೆಗೆ ಬಂತು. 213–213. ಸಮಬಲ! ಅಂದರೆ ಒಪ್ಪಿಗೆ ಇಲ್ಲ. ದಾಳಿ ಮಾತ್ರ 78 ದಿನ ನಡೆಯಿತು, ಅದಕ್ಕೆ ದುಡ್ಡನ್ನೂ ಇದೇ ಕಾಂಗ್ರೆಸ್ ಕೊಟ್ಟಿತು.

ಲಾ_ಪಾಯಿಂಟ್

ಇದು ಹೊಸ ರೋಗ ಅಂದುಕೊಳ್ಳಬೇಡಿ. 1846ರಲ್ಲಿ ಅಧ್ಯಕ್ಷ ಪೋಲ್ಕ್, ವಿವಾದ ಇದ್ದ ನೆಲಕ್ಕೆ ಸೇನೆ ಕಳಿಸಿ, ಮೆಕ್ಸಿಕೋದವರು ಹೊಡೆದ ಮೇಲೆ, ನಮ್ಮ ನೆಲದಲ್ಲಿ ನಮ್ಮವರ ರಕ್ತ ಬಿತ್ತು ಅಂತ ಕಾಂಗ್ರೆಸ್ಸಿಗೆ ಹೇಳಿ ಯುದ್ಧ ಘೋಷಣೆ ಪಡೆದರು. ಮುಂದಿನ ವರ್ಷ ಡಿಸೆಂಬರ್‌ನಲ್ಲಿ ಇಲಿನಾಯ್‌ನ ಒಬ್ಬ ಹೊಸ ಸಂಸದ ಎದ್ದು ನಿಂತು, ರಕ್ತ ಬಿದ್ದ ಆ ಜಾಗ ನಕ್ಷೆಯಲ್ಲಿ ಎಲ್ಲಿದೆ ತೋರಿಸಿ ಅಂತ ಪಟ್ಟು ಹಿಡಿದ. ಊರಿನ ಪತ್ರಿಕೆಗಳು ಗೇಲಿ ಮಾಡಿದವು, ಅಡ್ಡಹೆಸರು ಇಟ್ಟವು. ಆತ ಅಬ್ರಹಾಂ ಲಿಂಕನ್. ಮರುತಿಂಗಳು ಕೆಳಮನೆ, ಈ ಯುದ್ಧವನ್ನು ಅಧ್ಯಕ್ಷರು ಅನಗತ್ಯವಾಗಿ, ಸಂವಿಧಾನಕ್ಕೆ ವಿರುದ್ಧವಾಗಿ ಶುರು ಮಾಡಿದರು ಅಂತ 85–81ರಲ್ಲಿ ಹೇಳಿತು. ಯುದ್ಧ ಆಗಲೇ ಹೆಚ್ಚುಕಡಿಮೆ ಮುಗಿದಿತ್ತು, ಕ್ಯಾಲಿಫೋರ್ನಿಯಾ ಕೈಗೆ ಬಂದಿತ್ತು.

ನ್ಯೂಜೆರ್ಸಿ_ಅಪ್ಪ

ಸರಿ, ಪರಿಹಾರ ಏನು? ನನ್ನ ಸಂಸದರ ಕಚೇರಿಗೆ ಫೋನ್ ಮಾಡಿದರೆ ಯಾವುದರ ಬಗ್ಗೆ ಕೇಳಲಿ?

ಲಾ_ಪಾಯಿಂಟ್

ಈಗ ಯುದ್ಧ ನಿಲ್ಲಿಸಲು ಕಾಂಗ್ರೆಸ್ ನಿರ್ಣಯ ಮಾಡಬೇಕು, ಅಧ್ಯಕ್ಷರು ವಿಟೊ ಹಾಕುತ್ತಾರೆ, ಮೀರಲು ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಬೇಕು. 2019ರಲ್ಲಿ ಯೆಮನ್ ವಿಷಯದಲ್ಲಿ, 2020ರಲ್ಲಿ ಇರಾನ್ ವಿಷಯದಲ್ಲಿ ಎರಡೂ ಸದನ ಒಪ್ಪಿದ್ದವು, ಟ್ರಂಪ್ ವಿಟೊ ಹಾಕಿದರು, ಅಲ್ಲಿಗೆ ಮುಗಿಯಿತು. ಇದನ್ನು ತಿರುಗಿಸಬೇಕು. ಒಪ್ಪಿಗೆ ಸಿಗದಿದ್ದರೆ ದುಡ್ಡು ತಾನಾಗಿಯೇ ನಿಲ್ಲಬೇಕು. ಆಗ ಸುಮ್ಮನೆ ಕೂತರೆ ಯುದ್ಧ ನಿಲ್ಲುತ್ತದೆ, ಮುಂದುವರಿಸಬೇಕು ಅನ್ನುವವರು ಹೆಸರು ಹೇಳಿ ಕೈ ಎತ್ತಬೇಕಾಗುತ್ತದೆ. 2021ರಲ್ಲಿ ಸೆನೆಟರ್‌ಗಳಾದ ಕ್ರಿಸ್ ಮರ್ಫಿ, ಮೈಕ್ ಲೀ, ಬರ್ನಿ ಸ್ಯಾಂಡರ್ಸ್ ಇದೇ ಥರದ ಮಸೂದೆ ತಂದರು. 60 ದಿನದ ಬದಲು 20 ದಿನ. ಎಡದವರು, ಬಲದವರು ಒಟ್ಟಿಗೆ ಸಹಿ ಹಾಕಿದ್ದರು. ಅದರ ಬಗ್ಗೆ ಕೇಳಿ.

ಚುರುಮುರಿ

ಆ ಮಸೂದೆಗೆ ಸೆನೆಟ್‌ನಲ್ಲಿ ಎಷ್ಟು ಮತ ಬಿತ್ತು?

ಲಾ_ಪಾಯಿಂಟ್

ಮತಕ್ಕೇ ಬರಲಿಲ್ಲ.